ಲೈನ್ ಖಾಲಿ ಇದ್ದರೂ ಕಾಲ್ ಯಾಕೆ ಹೋಗಲ್ಲ?

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಿಂದ ನನಗೆ ಕರೆ ಬಂತು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಅವರ ಬೋರ್ಡ್ ನಂಬರಿಗೆ ಯಾರು ಫೋನ್ ಮಾಡಿದರೂ ಎಂಗೇಜ್ ಟೋನ್. ಒಳಗಿನವರ ಪಾಡೂ ಅದೇ. ವಾರ್ಡಿನಿಂದ ಲ್ಯಾಬಿಗೆ ಕಾಲ್ ಹೋಗುತ್ತಿರಲಿಲ್ಲ. ಒಂದು ರಿಪೋರ್ಟ್ ಬಂತಾ ಎಂದು ಕೇಳಲು ನರ್ಸ್‌ಗಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅಲ್ಲಿನ ಐಟಿ ಹುಡುಗ ಹೇಳಿದ: "ಸರ್, ಲೈನ್ ಸಾಲ್ತಿಲ್ಲ, ಇನ್ನೊಂದು ಪಿಆರ್‌ಐ ತಗೊಳ್ಳಿ ಅಂತಿದ್ದಾರೆ. ಕೊಟೇಶನ್ ಕೂಡ ಬಂದಿದೆ. ದುಡ್ಡು ಹಾಕೋ ಮುಂಚೆ ನೀವೊಮ್ಮೆ ನೋಡ್ತೀರಾ?"

ಹೋಗಿ ನೋಡಿದೆ. ಅವರ ಹತ್ತಿರ ಒಂದು ಪಿಆರ್‌ಐ ಇತ್ತು. ಅಂದರೆ ಒಂದೇ ಕೇಬಲ್ಲಿನಲ್ಲಿ ಹೊರಗಿನ 30 ಲೈನ್. ಇಡೀ ವಾರದ ಅತಿ ಗಿಜಿಗುಟ್ಟುವ ಹೊತ್ತಿನಲ್ಲೂ ಅದರಲ್ಲಿ ಒಟ್ಟಿಗೆ ನಡೆದ ಕಾಲ್‌ಗಳು 19 ಮಾತ್ರ. ಇನ್ನೂ 11 ಲೈನ್ ಸುಮ್ನೆ ಬಿದ್ದಿತ್ತು. ಆದರೂ ಹೊರಗಿನವರಿಗೆ ಎಂಗೇಜ್.

ಈ ಒಗಟು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಕಾರಣ ಹೆಚ್ಚಿನ ಸಲ ಒಂದೇ. ಆಫೀಸಿನ ಫೋನ್ ವ್ಯವಸ್ಥೆ ಎಂದರೆ ನಮ್ಮ ಕಣ್ಣಿಗೆ ಬೀಳುವುದು ಮೇಜಿನ ಮೇಲಿನ ಫೋನ್‌ಗಳು, ತಿಂಗಳ ಬಿಲ್ಲಿನಲ್ಲಿ ಕಾಣುವ ಹೊರಗಿನ ಲೈನ್‌ಗಳು. ಇವೆರಡರ ನಡುವೆ ಒಂದು ಸಣ್ಣ ಕಾರ್ಡ್ ಕೂತಿರುತ್ತದೆ. ಮಾತನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವುದು ಅದರ ಕೆಲಸ. ಇಂಥ ಫೋನ್ ವ್ಯವಸ್ಥೆ ಮಾಡುವ ಕಂಪನಿಗಳಲ್ಲಿ ಅವಾಯಾದವರು ಅದನ್ನು ವಿಸಿಎಂ ಅನ್ನುತ್ತಾರೆ, ಸಿಸ್ಕೊ ಜನ ಡಿಎಸ್‌ಪಿ ಅನ್ನುತ್ತಾರೆ. ನಾನಿಲ್ಲಿ ವಾಯ್ಸ್ ಚಾನೆಲ್ ಎಂದೇ ಕರೆಯುತ್ತೇನೆ. ಈ ಚಾನೆಲ್‌ಗಳು ಲೆಕ್ಕಕ್ಕೆ ಇಂತಿಷ್ಟೇ ಇರುತ್ತವೆ. ಮುಗಿದರೆ ಮುಗಿಯಿತು. ಲೈನ್ ಖಾಲಿ ಇದ್ದರೂ, ಫೋನ್ ಖಾಲಿ ಇದ್ದರೂ ಕಾಲ್ ಸೇರುವುದಿಲ್ಲ.

ಆ ಕಾರ್ಡ್ ಯಾಕೆ ಬೇಕು ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ.

ನಾವು ಫೋನಿನಲ್ಲಿ ಆಡುವ ಮಾತನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ. ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆದಿಡುತ್ತಾರೆ. ಗುಣಿಸಿದರೆ ಸೆಕೆಂಡಿಗೆ 64 ಸಾವಿರ ಬಿಟ್, ಅಂದರೆ 64 ಕೆಬಿಪಿಎಸ್. ಈ ಪದ್ಧತಿಯ ಹೆಸರು ಜಿ.711. 1972ರಿಂದ ಬಳಕೆಯಲ್ಲಿರುವ ಮಾನಕ ಇದು. ಪಿಆರ್‌ಐ ಕೇಬಲ್ ಒಳಗೂ ಇದೇ ಹರಿಯುತ್ತದೆ. ಅದರಲ್ಲಿ 64 ಕೆಬಿಪಿಎಸ್‌ನ 32 ಖಾನೆಗಳಿವೆ. ಒಂದು ಖಾನೆ ಎರಡೂ ಕಡೆಯ ಗಡಿಯಾರ ಹೊಂದಿಸಲು, ಒಂದು ಯಾರು ಯಾರಿಗೆ ಫೋನ್ ಮಾಡುತ್ತಿದ್ದಾರೆ ಎಂಬ ಸುದ್ದಿಗೆ. ಉಳಿದ 30 ಮಾತಿಗೆ. ಖಾನೆಯೊಳಗೆ ಬಿಟ್‌ಗಳು ನಲ್ಲಿಯ ನೀರಿನ ಹಾಗೆ ಒಂದೇ ಸಮನೆ ಬರುತ್ತಿರುತ್ತವೆ.

ಮೇಜಿನ ಮೇಲಿನ ಐಪಿ ಫೋನ್ ಹಾಗಲ್ಲ. ಅದು ಮಾತನ್ನು ತುಂಡು ತುಂಡಾಗಿ ಪ್ಯಾಕೆಟ್ ಮಾಡಿ ಕಳಿಸುತ್ತದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ 50. ಅವು ಬರುವ ಹೊತ್ತು ಒಂದೇ ತರ ಇರುವುದಿಲ್ಲ. ಒಂದು ಬೇಗ, ಒಂದು ತಡ, ಒಂದೊಂದು ದಾರಿಯಲ್ಲೇ ಕಳೆದುಹೋಗುತ್ತದೆ. ಇವನ್ನು ಹಿಡಿದಿಟ್ಟು, ಸಾಲಾಗಿ ಜೋಡಿಸಿ, ಪ್ರತಿಧ್ವನಿ ತೆಗೆದು, ಪಿಆರ್‌ಐ ಕೇಳುವ ಸಮನಾದ ಹರಿವಾಗಿ ಮಾಡುವವರು ಯಾರಾದರೂ ಬೇಕಲ್ವಾ? ಅದೇ ವಾಯ್ಸ್ ಚಾನೆಲ್. ಹಾಗಾಗಿ ಐಪಿ ಫೋನಿನಿಂದ ಪಿಆರ್‌ಐಗೆ ಹೋಗುವ ಪ್ರತಿ ಕಾಲ್‌ಗೂ, ಮಾತು ಮುಗಿಯುವ ತನಕ, ಒಂದು ಚಾನೆಲ್ ಬೇಕೇ ಬೇಕು. ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ತಪ್ಪಿಸಿಕೊಳ್ಳಬಹುದಾದ ಕಡೆ ಬೇರೆ ಇದೆ. ಒಂದು ಐಪಿ ಫೋನ್ ಇನ್ನೊಂದು ಐಪಿ ಫೋನಿನ ಜೊತೆ ಮಾತಾಡುವಾಗ ಇಬ್ಬರೂ ಪ್ಯಾಕೆಟ್ ಭಾಷೆಯವರೇ. ಮಧ್ಯವರ್ತಿ ಯಾಕೆ? ಕಾಲ್ ಸೇರಿಸುವಾಗ, ಡಯಲ್ ಟೋನ್ ಕೇಳಿಸುವಾಗ ಕೆಲವು ಸೆಕೆಂಡ್ ಸಿಸ್ಟಮ್ ನಡುವೆ ಇರಬಹುದು. ಆಮೇಲೆ ಅದು ಪಕ್ಕಕ್ಕೆ ಸರಿಯುತ್ತದೆ, ಎರಡು ಫೋನ್‌ಗಳು ನೇರವಾಗಿ ಪ್ಯಾಕೆಟ್ ಬದಲಾಯಿಸಿಕೊಳ್ಳುತ್ತವೆ. ಇದನ್ನು ಡೈರೆಕ್ಟ್ ಮೀಡಿಯಾ ಎನ್ನುತ್ತಾರೆ. ಆಗ ಚಾನೆಲ್ ಖರ್ಚು ಸೊನ್ನೆ. ಆದರೆ ಇದಕ್ಕೆ ಎರಡು ಷರತ್ತು. ಎರಡೂ ಫೋನ್‌ಗಳು ಮಾತನ್ನು ಕಟ್ಟುವ ಬಗೆ, ಅಂದರೆ ಕೋಡೆಕ್, ಒಂದೇ ಆಗಿರಬೇಕು. ಮತ್ತು ನೆಟ್‌ವರ್ಕ್‌ನಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ ದಾರಿ ಬಿಟ್ಟಿರಬೇಕು.

ಆ ಆಸ್ಪತ್ರೆಯಲ್ಲಿ ಎರಡೂ ಷರತ್ತು ಮುರಿದಿದ್ದವು.

ಹಳೆಯ ಬ್ಲಾಕಿನ ಫೋನ್‌ಗಳು ಜಿ.711ನಲ್ಲಿದ್ದವು. ಹೊಸ ಬ್ಲಾಕ್ ಕಟ್ಟಿದಾಗ ಅಲ್ಲಿನ ಫೋನ್‌ಗಳನ್ನು ಯಾರೋ ಜಿ.729ಗೆ ಇಟ್ಟಿದ್ದರು. ಜಿ.729 ಎಂದರೆ ಮಾತನ್ನು 64ರ ಬದಲು 8 ಕೆಬಿಪಿಎಸ್‌ಗೆ ಹಿಂಡುವ ಕೋಡೆಕ್, 1996ರದ್ದು. "ಬ್ಯಾಂಡ್‌ವಿಡ್ತ್ ಉಳಿಯುತ್ತೆ" ಅಂತ ಇಟ್ಟಿರಬೇಕು. ಒಳ್ಳೆಯ ಉದ್ದೇಶವೇ. ಆದರೆ ಅಲ್ಲಿದ್ದದ್ದು ಗಿಗಾಬಿಟ್ ಕೇಬಲ್. ಉಳಿಸಲು ಅಲ್ಲಿ ಕೊರತೆಯೇ ಇರಲಿಲ್ಲ. ಬದಲಿಗೆ ವಾರ್ಡಿನಿಂದ ಲ್ಯಾಬಿಗೆ ಹೋಗುವ ಪ್ರತಿ ಕಾಲ್‌ಗೂ ಭಾಷಾಂತರ ಬೇಕಾಯಿತು. ಒಂದು ಚಾನೆಲ್ ಜಿ.729 ಬಿಚ್ಚಲು, ಇನ್ನೊಂದು ಜಿ.711 ಕಟ್ಟಲು. ಒಂದು ಕಾಲ್‌ಗೆ ಎರಡು ಚಾನೆಲ್.

ಜೊತೆಗೆ ಡೈರೆಕ್ಟ್ ಮೀಡಿಯಾವನ್ನೇ ಆಫ್ ಮಾಡಿದ್ದರು. ವಿಚಾರಿಸಿದಾಗ ಕಥೆ ಹೊರಬಂತು. ಹೊಸ ಬ್ಲಾಕ್ ಶುರುವಾದಾಗ ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಕೇಳುತ್ತಿರಲಿಲ್ಲವಂತೆ. ಎರಡು ಬ್ಲಾಕ್‌ಗಳ ನಡುವಿನ ಫೈರ್‌ವಾಲ್ ಫೋನ್‌ನಿಂದ ಫೋನ್‌ಗೆ ಹೋಗುವ ಪ್ಯಾಕೆಟ್‌ಗಳನ್ನು ತಡೆಯುತ್ತಿತ್ತು. ಅದನ್ನು ಸರಿ ಮಾಡುವ ಬದಲು, ಎಲ್ಲ ಮಾತೂ ಸಿಸ್ಟಮ್ ಮೂಲಕವೇ ಸುತ್ತಿಕೊಂಡು ಹೋಗಲಿ ಎಂದು ಬಿಟ್ಟಿದ್ದರು. ಆವತ್ತಿನ ತೊಂದರೆ ಆವತ್ತಿಗೆ ತೀರಿತು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ರೋಗಿಗಳು ಜಾಸ್ತಿಯಾದ ಮೇಲೆ ಗೊತ್ತಾಯಿತು.

ಈಗ ಲೆಕ್ಕ ಹಾಕಿ. ಹೊರಗಿನ 19 ಕಾಲ್‌ಗೆ 19 ಚಾನೆಲ್. ಬ್ಲಾಕ್‌ಗಳ ನಡುವಿನ 5 ಕಾಲ್‌ಗೆ 10. ಮೂವರು ಡಾಕ್ಟರ್‌ಗಳ ಒಂದು ಕಾನ್ಫರೆನ್ಸ್‌ಗೆ ತಲೆಗೊಂದರಂತೆ 3. ಒಟ್ಟು 32. ಅವರ ಕಾರ್ಡಿನಲ್ಲಿ ಇದ್ದದ್ದೇ 32 ಚಾನೆಲ್. ಇನ್ನೊಂದು ಪಿಆರ್‌ಐ ತಂದಿದ್ದರೆ ಖಾಲಿ ಬಿದ್ದ 11 ಲೈನಿಗೆ ಇನ್ನೂ 30 ಸೇರುತ್ತಿತ್ತು, ತಿಂಗಳ ಬಾಡಿಗೆ ಏರುತ್ತಿತ್ತು. ನರ್ಸ್‌ಗಳು ಮೆಟ್ಟಿಲು ಹತ್ತುವುದು ಮಾತ್ರ ತಪ್ಪುತ್ತಿರಲಿಲ್ಲ.

ಫೋನ್ ಸಂಖ್ಯೆಗಿಂತ ಚಾನೆಲ್ ಕಡಿಮೆ ಇರುವುದು ತಪ್ಪೇನಲ್ಲ, ಇದನ್ನೂ ಹೇಳಬೇಕು. ಅವಾಯಾದ ಐಪಿ ಆಫೀಸ್ 500 ವಿ2 ಬಾಕ್ಸಿಗೆ 384 ಎಕ್ಸ್‌ಟೆನ್ಶನ್ ಕೊಡಬಹುದು. ಆದರೆ ಇರುವ ಕಾರ್ಡ್‌ಗಳನ್ನೆಲ್ಲ ತುಂಬಿದರೂ ವಾಯ್ಸ್ ಚಾನೆಲ್ 148 ದಾಟುವುದಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಟೆಲಿಫೋನ್ ವ್ಯವಸ್ಥೆ ಮೊದಲಿನಿಂದಲೂ ನಿಂತಿದೆ. 1986ರಲ್ಲಿ ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ನಮ್ಮ ಕಿತ್ತೂರಿನಲ್ಲಿ ಕೂರಿಸಿತು. 128 ಪೋರ್ಟ್‌ನ ಪೆಟ್ಟಿಗೆ. ಊರಿನ ಫೋನ್‌ಗಳೂ ಹೊರ ಊರಿಗೆ ಹೋಗುವ ಲೈನ್‌ಗಳೂ ಅಷ್ಟರಲ್ಲೇ ಹೊಂದಬೇಕಿತ್ತು. ಹೊರಗಿನ ಕೆಲವೇ ಲೈನನ್ನು ಊರಿನವರೆಲ್ಲ ಹಂಚಿಕೊಂಡರು. ಹಂಚಿಕೊಳ್ಳುವುದರಲ್ಲಿ ತೊಂದರೆ ಇಲ್ಲ. ಎಷ್ಟು ಜನಕ್ಕೆ ಎಷ್ಟು ಸಾಕು ಎಂಬ ಲೆಕ್ಕ ಸರಿ ಇರಬೇಕು, ಅಷ್ಟೆ.

ಆ ಲೆಕ್ಕ ಕೊಟ್ಟವರು ಡೆನ್ಮಾರ್ಕ್‌ನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. 1917ರಲ್ಲಿ ಅವರು ಪ್ರಕಟಿಸಿದ ಸೂತ್ರವನ್ನು ಇವತ್ತಿಗೂ ನಾವು ಹಾಗೇ ಬಳಸುತ್ತೇವೆ. ನೂರು ವರ್ಷದಲ್ಲಿ ಫೋನಿನಲ್ಲಿ ಎಲ್ಲವೂ ಬದಲಾಗಿದೆ, ಈ ಸೂತ್ರ ಮಾತ್ರ ಇಲ್ಲ. ನನಗೆ ಅದರ ಮೇಲೆ ತುಂಬಾ ಗೌರವ.

ಒಂದು ಉದಾಹರಣೆ ನೋಡಿ. ಅಪಾಯಿಂಟ್‌ಮೆಂಟ್ ಡೆಸ್ಕಿಗೆ ಬಿಡುವಿಲ್ಲದ ಒಂದು ಗಂಟೆಯಲ್ಲಿ 100 ಕಾಲ್ ಬರುತ್ತವೆ. ಒಂದೊಂದು ಸರಾಸರಿ 3 ನಿಮಿಷ. ಒಟ್ಟು 300 ನಿಮಿಷದ ಮಾತು. ಗಂಟೆಗೆ 60 ನಿಮಿಷ, ಭಾಗಿಸಿದರೆ 5. ಇದನ್ನೇ 5 ಎರ್ಲಾಂಗ್ ಎನ್ನುತ್ತಾರೆ. ಹಾಗಾದರೆ 5 ಚಾನೆಲ್ ಸಾಕು ಎಂದು ಅನಿಸುತ್ತದೆ ಅಲ್ವಾ? ಸಾಲುವುದಿಲ್ಲ. ಜನ ಸರತಿಯಲ್ಲಿ ನಿಂತು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡುವುದಿಲ್ಲ. ಒಂದು ನಿಮಿಷ ಯಾರೂ ಇರುವುದಿಲ್ಲ, ಮರು ನಿಮಿಷ ಒಂಬತ್ತು ಜನ. 5 ಚಾನೆಲ್ ಇಟ್ಟರೆ 100ರಲ್ಲಿ ಸುಮಾರು 28 ಕಾಲ್ ಎಂಗೇಜ್ ಟೋನಿಗೆ ಬಡಿಯುತ್ತವೆ. 8 ಇಟ್ಟರೆ 7. 11 ಇಟ್ಟರೆ ಒಂದಕ್ಕಿಂತ ಕಡಿಮೆ. ಸರಾಸರಿಗೆ ಇಷ್ಟು ಸಾಕು ಎಂದು ಕೂರಿಸಿದ ವ್ಯವಸ್ಥೆ ಕೆಲಸದ ಹೊತ್ತಿನಲ್ಲಿ ಕೈಕೊಡುವುದು ಇದಕ್ಕೇ.

ಇನ್ನೊಂದು ವಿಷಯ. ಎಂಗೇಜ್ ಬಂದರೆ ಫೋನ್ ಮಾಡಿದವರು ಸುಮ್ಮನಾಗುತ್ತಾರೆ ಎಂದು ಈ ಸೂತ್ರ ಅಂದುಕೊಂಡಿದೆ. ನಿಜ ಜೀವನದಲ್ಲಿ ಹಾಗಿಲ್ಲ. ಮಗುವಿಗೆ ಜ್ವರ ಎಂದು ಫೋನ್ ಮಾಡಿದ ತಾಯಿ ತಕ್ಷಣ ರೀಡಯಲ್ ಒತ್ತುತ್ತಾಳೆ, ಮತ್ತೆ ಒತ್ತುತ್ತಾಳೆ. 100 ಕಾಲ್ 130 ಆಗುತ್ತದೆ, ಇಕ್ಕಟ್ಟು ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಆಸ್ಪತ್ರೆಯಂಥ ಕಡೆ ಸೂತ್ರ ಹೇಳಿದ್ದಕ್ಕಿಂತ ಒಂದೆರಡು ಚಾನೆಲ್ ಜಾಸ್ತಿಯೇ ಇಡಿ ಎನ್ನುತ್ತೇನೆ.

ಎರ್ಲಾಂಗ್ ಲೆಕ್ಕದಿಂದ ಸಿಗುವ ಇನ್ನೊಂದು ಪಾಠ ಆಫೀಸುಗಳಲ್ಲಿ ಯಾರೂ ನಂಬುವುದಿಲ್ಲ. 30 ಲೈನನ್ನು ಒಂದೇ ಗುಂಪಾಗಿ ಇಟ್ಟರೆ, ನೂರಕ್ಕೆ ಒಂದು ಕಾಲ್ ಮಾತ್ರ ತಪ್ಪುವ ಹಾಗೆ, ಸುಮಾರು 20 ಎರ್ಲಾಂಗ್ ಮಾತು ಹೊರಬಹುದು. ಅದೇ 30ನ್ನು 15-15 ಎಂದು ಎರಡು ವಿಭಾಗಕ್ಕೆ ಪಾಲು ಮಾಡಿ ಕೊಟ್ಟರೆ ಒಂದೊಂದು ಸುಮಾರು 8, ಒಟ್ಟು 16 ಮಾತ್ರ. ಗೋಡೆ ಕಟ್ಟಿದ್ದಕ್ಕೇ 4 ಎರ್ಲಾಂಗ್ ಹೋಯಿತು. "ನಮ್ಮ ಡಿಪಾರ್ಟ್‌ಮೆಂಟಿಗೆ ಬೇರೆ ಲೈನ್ ಕೊಡಿ" ಎಂದು ಎಲ್ಲರೂ ಕೇಳುತ್ತಾರೆ. ಕೊಟ್ಟರೆ ಎಲ್ಲರಿಗೂ ನಷ್ಟ. ಇದಕ್ಕೆ ನಾನು ಒಪ್ಪುವ ಅಪವಾದ ಒಂದೇ, ತುರ್ತು ಚಿಕಿತ್ಸೆಯ ವಿಭಾಗ. ಅಲ್ಲಿಗೆ ಎರಡು ಲೈನ್ ಕಾಯ್ದಿರಿಸಿ. ಅದರ ಜೊತೆಗೆ ಸಿಸ್ಟಮ್ ಮೂಲಕ ಹೋಗದ ಒಂದು ಮಾಮೂಲಿ ಅನಲಾಗ್ ಫೋನನ್ನೂ ಇಡಿ. ಚಾನೆಲ್ ಮುಗಿದರೂ, ಸಿಸ್ಟಮ್ ಆಫ್ ಆದರೂ 108ಕ್ಕೋ 112ಕ್ಕೋ ಅದರಿಂದ ಫೋನ್ ಮಾಡಬಹುದು. ಇದರಲ್ಲಿ ಉಳಿತಾಯದ ಮಾತೇ ಬೇಡ.

ಹಾಗಾದರೆ ಜಿ.729 ಎಲ್ಲಿ ಬೇಕು? ಊರಿಂದೂರಿಗೆ ಲಿಂಕ್ ಇರುವ ಕಡೆ. ಜಿ.711 ಹೆಸರಿಗೆ 64 ಕೆಬಿಪಿಎಸ್, ಆದರೆ ಪ್ರತಿ ಪ್ಯಾಕೆಟ್ಟಿಗೂ 40 ಬೈಟ್‌ನ ವಿಳಾಸ ಚೀಟಿ ಅಂಟಿಸಬೇಕು. ಅದು ಸೇರಿ ಒಂದು ಕಾಲ್‌ಗೆ 80 ಕೆಬಿಪಿಎಸ್ ಆಗುತ್ತದೆ. ಜಿ.729ನಲ್ಲಿ ಮಾತು 20 ಬೈಟ್, ಚೀಟಿ ಮತ್ತೆ 40 ಬೈಟ್. ಮಾತಿಗಿಂತ ವಿಳಾಸವೇ ಎರಡು ಪಟ್ಟು. ಹಾಗಿದ್ದೂ ಒಟ್ಟು 24 ಕೆಬಿಪಿಎಸ್‌ನಲ್ಲಿ ಮುಗಿಯುತ್ತದೆ. ಅದೇ ಲಿಂಕ್‌ನಲ್ಲಿ ಮೂರು ಪಟ್ಟು ಕಾಲ್ ಹಿಡಿಯುತ್ತದೆ. ಶಾಖೆಗೆ ಹೋಗುವ ಲಿಂಕ್ ಸಣ್ಣದಿದ್ದರೆ ಇದು ನಿಜವಾದ ಲಾಭ.

ಆದರೆ ಹಿಂಡುವ ಶ್ರಮ ಕಾರ್ಡಿನ ಮೇಲೆ ಬೀಳುತ್ತದೆ. ಸಿಸ್ಕೊದ ಹಳೆಯ ಪಿವಿಡಿಎಂ2-64 ಕಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಿನಲ್ಲಿರುವ 64 ಬರೀ ಜಿ.711 ಬಳಸಿದಾಗಿನ ಲೆಕ್ಕ. ಜಿ.729ರ ಹಗುರ ರೂಪವಾದ ಜಿ.729ಎ ಬಳಸಿದರೂ ಅದೇ ಕಾರ್ಡ್ 32 ಕಾಲ್‌ಗೆ ಸುಸ್ತಾಗುತ್ತದೆ. ಇನ್ನೂ ಕಷ್ಟದ ಕೋಡೆಕ್ ಆದರೆ 24. ಕಾನ್ಫರೆನ್ಸ್‌ನಲ್ಲಿ ಇದು ಇನ್ನೂ ಜೋರಾಗಿ ಕಾಣುತ್ತದೆ. ಆ ಕಾರ್ಡಿನ ಒಂದು ಚಿಪ್ ಜಿ.711ನಲ್ಲಿ 8 ಕಾನ್ಫರೆನ್ಸ್ ನಡೆಸುತ್ತದೆ, ಜಿ.729ನಲ್ಲಿ 2 ಮಾತ್ರ. ಮೇಲಾಗಿ ಕಾನ್ಫರೆನ್ಸಿಗೆ ಕೊಟ್ಟ ಚಿಪ್ಪನ್ನು ಮಾಮೂಲಿ ಕಾಲ್‌ಗೆ ಬಳಸಲು ಬರುವುದಿಲ್ಲ. ಡಬ್ಬದ ಮೇಲಿನ ಸಂಖ್ಯೆ ನೋಡಿ ಖರೀದಿಸಿದವರು ಆಮೇಲೆ ಕಂಗಾಲಾಗುವುದನ್ನು ನಾನು ನೋಡಿದ್ದೇನೆ.

ಮಾತಿನ ಗುಣವೂ ಹಾಳಾಗುತ್ತದೆ. ಒಮ್ಮೆ ಹಿಂಡಿ ಬಿಚ್ಚಿದ್ದನ್ನು ದಾರಿಯಲ್ಲಿ ಮತ್ತೆ ಹಿಂಡಿದರೆ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಜಿ.729 ಮನುಷ್ಯರ ಮಾತಿಗೆಂದೇ ಮಾಡಿದ್ದು. ಹೋಲ್ಡ್‌ನಲ್ಲಿ ಹಾಕುವ ವೀಣೆಯನ್ನೋ ಕೊಳಲನ್ನೋ ಅದರಲ್ಲಿ ಕಳಿಸಿದರೆ ಕೇಳಲಾಗದು. "ಕನ್ನಡಕ್ಕಾಗಿ 1 ಒತ್ತಿ" ಎಂದಾಗ ಒತ್ತಿದ ಗುಂಡಿಯ ಸದ್ದೂ ತಿರುಚಿಹೋಗಬಹುದು. ಅದಕ್ಕೇ ಗುಂಡಿಯ ಸುದ್ದಿಯನ್ನು ಮಾತಿನ ಜೊತೆ ಬೆರೆಸದೆ ಬೇರೆ ಪ್ಯಾಕೆಟ್ ಮಾಡಿ ಕಳಿಸುವ ಸೆಟ್ಟಿಂಗ್ ಇರುತ್ತದೆ. ಎರಡು ಕಡೆಯೂ ಅದು ಆನ್ ಇದೆಯಾ ಎಂದು ನೋಡಿಕೊಳ್ಳಿ.

ಲಿಂಕ್ ಇರುವ ಕಡೆ ಇನ್ನೊಂದು ಎಚ್ಚರ ಬೇಕು. ಪಿಆರ್‌ಐ ತುಂಬಿದರೆ 31ನೆಯವರಿಗೆ ಎಂಗೇಜ್ ಬರುತ್ತದೆ, ಒಳಗಿರುವ 30 ಜನ ನೆಮ್ಮದಿಯಾಗಿ ಮಾತಾಡುತ್ತಾರೆ. ಐಪಿ ಲಿಂಕ್ ಹಾಗೆ ಬಾಗಿಲು ಹಾಕುವುದಿಲ್ಲ. ಹತ್ತು ಕಾಲ್‌ನ ಜಾಗಕ್ಕೆ ಹನ್ನೊಂದನೆಯದೂ ನುಗ್ಗುತ್ತದೆ. ಮನೆಗೆ ನೆಂಟರು ಜಾಸ್ತಿ ಬಂದಾಗ ಸಾರಿಗೆ ನೀರು ಬೆರೆಸುತ್ತೇವಲ್ಲ, ಹಾಗೆ ಹನ್ನೊಂದೂ ಜನರ ಮಾತು ಒಟ್ಟಿಗೆ ತೆಳುವಾಗುತ್ತದೆ. ಎಲ್ಲರದ್ದೂ ಕಟ್ ಕಟ್ ಆಗಿ ಕೇಳುತ್ತದೆ. ಅದಕ್ಕೆ ಸಿಸ್ಟಮ್‌ನಲ್ಲಿ ಪ್ರತಿ ಲಿಂಕಿಗೂ ಇಷ್ಟೇ ಕಾಲ್ ಎಂದು ಮಿತಿ ಹಾಕಬೇಕು. ಹನ್ನೊಂದನೆಯ ಕಾಲ್ ಆಗದೇ ಇರುವುದು, ಹನ್ನೊಂದೂ ಹಾಳಾಗುವುದಕ್ಕಿಂತ ಮೇಲು. ಮಿತಿ ದಾಟಿದ ಕಾಲ್ ಪಿಆರ್‌ಐ ಮೂಲಕ ಹೋಗುವ ಹಾಗೂ ಮಾಡಬಹುದು.

ಕಾರ್ಡ್ ಇಲ್ಲದೆ, ಮಾಮೂಲಿ ಕಂಪ್ಯೂಟರಿನಲ್ಲಿ ಆಸ್ಟೆರಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಫೋನ್ ವ್ಯವಸ್ಥೆ ನಡೆಸುವವರು ನಮ್ಮಲ್ಲಿ ತುಂಬಾ ಇದ್ದಾರೆ. "ನಮಗೆ ಚಾನೆಲ್ ಕಾಟ ಇಲ್ಲ" ಎನ್ನುತ್ತಾರೆ. ಅಲ್ಲಿ ಆ ಕೆಲಸವನ್ನು ಪ್ರೊಸೆಸರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ. "ಕೋರ್ ಶೋ ಟ್ರಾನ್ಸ್‌ಲೇಷನ್" ಎಂಬ ಆದೇಶ ಕೊಟ್ಟು ನೋಡಿ. ಒಂದು ಕೋಡೆಕ್‌ನಿಂದ ಇನ್ನೊಂದಕ್ಕೆ ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೈಕ್ರೊಸೆಕೆಂಡಿನಲ್ಲಿ ಕೋಷ್ಟಕ ತೋರಿಸುತ್ತದೆ. ಪಿಆರ್‌ಐ ಬಿಟ್ಟು ಸಿಪ್ ಟ್ರಂಕಿಗೆ, ಅಂದರೆ ಪ್ಯಾಕೆಟ್ ರೂಪದಲ್ಲೇ ಬರುವ ಹೊರಗಿನ ಲೈನಿಗೆ, ಹೋದವರಿಗೆ ಮಾತ್ರ ನಿಜವಾದ ಅನುಕೂಲ ಇದೆ. ಹೊರಗಿನ ಲೈನೂ ಪ್ಯಾಕೆಟ್ ಭಾಷೆಯದೇ ಆದ್ದರಿಂದ, ಕೋಡೆಕ್ ಹೊಂದಿಕೆಯಾದರೆ ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ.

ನಮ್ಮ ಆಫೀಸಿನಲ್ಲೂ ಇಂಥ ತೊಂದರೆ ಇದ್ದರೆ ಮೊದಲು ಏನು ನೋಡಬೇಕು ಎಂದು ಜನ ಕೇಳುತ್ತಾರೆ. ದಿನಕ್ಕೆ ಎಷ್ಟು ಕಾಲ್ ಎಂಬ ಮೊತ್ತದಿಂದ ಏನೂ ತಿಳಿಯುವುದಿಲ್ಲ. ಬಿಲ್ಲಿನಿಂದಲೂ ಇಲ್ಲ, ಅದರಲ್ಲಿ ಒಳಗಿನ ಕಾಲ್ ಇರುವುದೇ ಇಲ್ಲ. ಸಿಸ್ಟಮ್‌ನ ಸ್ಟೇಟಸ್ ಪರದೆಯಲ್ಲಿ ಎರಡು ಸಂಖ್ಯೆ ಹುಡುಕಿ. ವಾಯ್ಸ್ ಚಾನೆಲ್‌ಗಳು ಒಟ್ಟಿಗೆ ಅತಿ ಹೆಚ್ಚು ಎಷ್ಟು ಬಳಕೆಯಾದವು, ಮತ್ತು ಎಲ್ಲವೂ ಒಟ್ಟಿಗೆ ಮುಗಿದದ್ದು ಎಷ್ಟು ಸಲ. ಎರಡನೆಯದು ಸೊನ್ನೆ ಇದ್ದರೆ ತೊಂದರೆ ಬೇರೆ ಕಡೆ ಇದೆ. ಸೊನ್ನೆ ಅಲ್ಲದಿದ್ದರೆ, ಆ ಹೊತ್ತಿನಲ್ಲಿ ಪರದೆ ಮುಂದೆ ಕೂತು ಯಾವ ಕಾಲ್ ಯಾಕೆ ಚಾನೆಲ್ ಹಿಡಿದಿದೆ ಎಂದು ಒಂದೊಂದಾಗಿ ನೋಡಿ. ಬೇಸರದ ಕೆಲಸ. ಆದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಆಸ್ಪತ್ರೆಯಲ್ಲಿ ನಾವು ಮಾಡಿದ್ದು ಇಷ್ಟು. ಫೈರ್‌ವಾಲ್‌ನಲ್ಲಿ ಎರಡು ಬ್ಲಾಕ್‌ಗಳ ಫೋನ್‌ಗಳ ನಡುವೆ ದಾರಿ ಬಿಡಿಸಿದೆವು. ಹೊಸ ಬ್ಲಾಕಿನ ಫೋನ್‌ಗಳನ್ನೂ ಜಿ.711ಗೆ ತಂದೆವು. ಆಮೇಲೆ ಡೈರೆಕ್ಟ್ ಮೀಡಿಯಾ ಆನ್ ಮಾಡಿದೆವು. ಒಂದೊಂದು ಮಹಡಿಯಿಂದಲೂ ಫೋನ್ ಮಾಡಿ ಎರಡು ಕಡೆಯ ಮಾತೂ ಕೇಳುತ್ತದಾ ಎಂದು ಪರೀಕ್ಷಿಸಿದೆವು. ಮುಂದಿನ ಸೋಮವಾರ ಬೆಳಿಗ್ಗೆ ನಾನೂ ಆ ಹುಡುಗನೂ ಪರದೆ ಮುಂದೆ ಕೂತಿದ್ದೆವು. ಹೊರಗಿನ ಕಾಲ್ ಮತ್ತೆ 19ಕ್ಕೆ ಏರಿತು, ಕಾನ್ಫರೆನ್ಸಿಗೆ 3. ಚಾನೆಲ್ 22ರಲ್ಲಿ ನಿಂತಿತು. ಹೊಸ ಪಿಆರ್‌ಐ ಕೊಟೇಶನ್ ಫೈಲಿನಲ್ಲೇ ಉಳಿಯಿತು.

ಕೆಲವು ತಿಂಗಳ ನಂತರ ಅವನೇ ಮತ್ತೆ ಫೋನ್ ಮಾಡಿದ. ಎಲ್ಲ ಫೋನ್‌ಗಳ ಮಾತನ್ನೂ ರೆಕಾರ್ಡ್ ಮಾಡಬೇಕು ಅಂತ ಆಡಳಿತದವರು ಹೇಳಿದ್ದರಂತೆ. ರೆಕಾರ್ಡ್ ಮಾಡಬೇಕೆಂದರೆ ಮಾತು ಸಿಸ್ಟಮ್ ಮೂಲಕವೇ ಹೋಗಬೇಕು. ಡೈರೆಕ್ಟ್ ಮೀಡಿಯಾ ಮತ್ತೆ ಮುರಿಯುತ್ತದೆ, ಒಳಗಿನ ಕಾಲ್‌ಗಳೆಲ್ಲ ಮತ್ತೆ ಚಾನೆಲ್ ಕೇಳುತ್ತವೆ. ಅದನ್ನು ನಾನು ಹೇಳುವ ಮುಂಚೆ ಅವನೇ ಲೆಕ್ಕ ಹಾಕಿ ಇಟ್ಟಿದ್ದ. "ಸರ್, ಅಪಾಯಿಂಟ್‌ಮೆಂಟ್ ಡೆಸ್ಕಿಗೆ ಹೊರಗಿಂದ ಬರೋ ಕಾಲ್ ಮಾತ್ರ ರೆಕಾರ್ಡ್ ಮಾಡಿದ್ರೆ ಸಾಕಲ್ವಾ? ಅವು ಹೇಗಿದ್ರೂ ಚಾನೆಲ್ ಹಿಡ್ಕೊಂಡೇ ಇರ್ತವೆ" ಎಂದ. ಸಾಕು ಎಂದೆ.